ಎತ್ತರದ ಗಾಜು ತೊಳೆಯುವ ಕೋಲು: ಉದ್ದಕ್ಕಿಂತ ಮೊದಲು ನೀರನ್ನು ಅಳೆಯಬೇಕು

ಮಾನ್ಯ ಸಂಪಾದಕರೇ,

ತುಮಕೂರಿನ ಬಿ.ಎಚ್. ರಸ್ತೆಯ ಉದ್ದಕ್ಕೂ, ರಿಂಗ್ ರಸ್ತೆಯ ಬದಿಗಳಲ್ಲೂ ಈಚಿನ ವರ್ಷಗಳಲ್ಲಿ ಎದ್ದು ನಿಂತಿರುವ ಆಸ್ಪತ್ರೆ, ಕಾಲೇಜು, ಷೋರೂಂ ಮತ್ತು ವಾಣಿಜ್ಯ ಸಂಕೀರ್ಣಗಳ ಮುಂಭಾಗ ಬಹುಪಾಲು ಗಾಜಿನದೇ ಆಗಿದೆ. ಆ ಗಾಜನ್ನು ಮುಂದೆ ಯಾರು, ಎಲ್ಲಿ ನಿಂತು ತೊಳೆಯಬೇಕು ಎಂದು ಕಟ್ಟುವಾಗಲೇ ಯೋಚಿಸಿದವರು ಬಹಳ ಕಡಿಮೆ. ಹೆದ್ದಾರಿಯ ದೂಳು, ವಾಹನಗಳ ಹೊಗೆ ಸೇರಿ ಕೆಲವೇ ತಿಂಗಳಲ್ಲಿ ಗಾಜು ಮಾಸುತ್ತದೆ. ಆಯುಧಪೂಜೆ ಹತ್ತಿರ ಬಂತೆಂದರೆ ಏಣಿಯನ್ನೋ ಸಾರವೆಯನ್ನೋ ಸೊಂಟಕ್ಕೆ ಕಟ್ಟಿದ ಹಗ್ಗವನ್ನೋ ನಂಬಿ ಯಾರನ್ನಾದರೂ ಮೇಲೆ ಹತ್ತಿಸುವುದು ನಡೆದುಬಂದ ರೂಢಿ. ಈ ಅಪಾಯವನ್ನು ತಪ್ಪಿಸಲೆಂದು ಕೆಲವು ಸಂಸ್ಥೆಗಳು ಈಗ ನೆಲದ ಮೇಲೆ ನಿಂತೇ ಎತ್ತರದ ಕಿಟಕಿಗಳನ್ನು ತೊಳೆಯಬಹುದಾದ, ತುದಿಯವರೆಗೆ ನೀರು ಹಾಯುವ, ಬೇಕಾದಷ್ಟು ಉದ್ದಕ್ಕೆ ಎಳೆದುಕೊಳ್ಳಬಹುದಾದ ಕೋಲುಗಳನ್ನು ಕೊಳ್ಳತೊಡಗಿವೆ. ಮಾರುಕಟ್ಟೆಯಲ್ಲಿ ಇದನ್ನು ವಾಟರ್ ಫೆಡ್ ಪೋಲ್ ಎನ್ನುತ್ತಾರೆ. ನಿರ್ಧಾರವೇನೋ ಒಳ್ಳೆಯದೇ, ಆದರೆ ಕೊಳ್ಳುವ ಕ್ರಮ ಸರಿಯಿಲ್ಲ ಎಂಬುದು ಕಟ್ಟಡ ನಿರ್ವಹಣೆಯ ಕೆಲಸದಲ್ಲಿರುವ ನನ್ನ ಅಭಿಪ್ರಾಯ. ಎಷ್ಟು ಅಡಿ, ಎಷ್ಟು ರೂಪಾಯಿ ಎಂದು ಎರಡೇ ಪ್ರಶ್ನೆ ಕೇಳಿ ದುಡ್ಡು ಕೊಡಲಾಗುತ್ತಿದೆ. ನಮ್ಮ ಜಿಲ್ಲೆಯ ಮಟ್ಟಿಗಂತೂ ಮೊದಲು ಕೇಳಬೇಕಾದದ್ದು ಕೋಲಿನಲ್ಲಿ ಯಾವ ನೀರು ಹಾಯಲಿದೆ ಎಂಬುದನ್ನು, ಅನಂತರ ಅದನ್ನು ಹಿಡಿಯುವವರು ಯಾರು ಎಂಬುದನ್ನು.

ಸಾಧನ ಕೆಲಸ ಮಾಡುವ ಬಗೆಯನ್ನು ನೋಡಿದರೆ ನೀರಿನ ಮಾತು ಏಕೆ ಮೊದಲು ಬರುತ್ತದೆ ಎಂಬುದು ತಿಳಿಯುತ್ತದೆ. ಒಂದರೊಳಗೊಂದು ಸೇರುವ ಕೊಳವೆಗಳ ಕೋಲು, ತುದಿಯಲ್ಲಿ ನೈಲಾನ್ ಎಳೆಗಳ ಬ್ರಷ್, ಬ್ರಷ್ಷಿನಲ್ಲಿ ನೀರು ಚಿಮ್ಮುವ ಸಣ್ಣ ಜೆಟ್‌ಗಳು, ಅವುಗಳಿಗೆ ಕೆಳಗಿನಿಂದ ನೀರು ಒಯ್ಯುವ ಸಪೂರ ಪೈಪು, ಇಷ್ಟೇ ಅದರ ಅಂಗಗಳು. ನಿಮಿಷಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಹರಿದರೆ ಸಾಮಾನ್ಯವಾಗಿ ಸಾಕು; ಕಾರು ತೊಳೆಯುವ ಪ್ರೆಷರ್ ಪಂಪಿಗೂ ಇದಕ್ಕೂ ಸಂಬಂಧವಿಲ್ಲ. ಬ್ರಷ್ಷು ಕೊಳೆಯನ್ನು ಸಡಿಲಿಸುತ್ತದೆ, ನೀರು ಅದನ್ನು ಕೆಳಗಿಳಿಸುತ್ತದೆ, ಕೊನೆಯಲ್ಲಿ ಮೇಲಿನಿಂದ ಬರೀ ನೀರು ಹಾಯಿಸಿ ಹಾಗೆಯೇ ಬಿಟ್ಟುಬಿಡುತ್ತಾರೆ. ಸೋಪು ಬಳಸುವುದಿಲ್ಲ, ಒರೆಸುವುದೂ ಇಲ್ಲ. ಮೂವತ್ತು ಅಡಿ ಎತ್ತರದಲ್ಲಿ ಬಟ್ಟೆ ಹಿಡಿದು ಒರೆಸಲು ಯಾರೂ ಇಲ್ಲದಿರುವುದರಿಂದ ಗಾಜಿನ ಮೇಲೆ ಉಳಿದ ಹನಿಗಳು ತಾವಾಗಿಯೇ ಆರಬೇಕು, ಆರಿದ ಮೇಲೆ ಅಲ್ಲಿ ಏನನ್ನೂ ಉಳಿಸಬಾರದು. ಅಂದರೆ ಆ ನೀರಿನಲ್ಲಿ ಕರಗಿದ ಲವಣವೇ ಇರಬಾರದು. ನೀರಿನ ಟಿಡಿಎಸ್, ಅಂದರೆ ಒಂದು ಲೀಟರಿನಲ್ಲಿ ಕರಗಿರುವ ಘನವಸ್ತುವಿನ ಪ್ರಮಾಣ, 10 ಮಿಲಿಗ್ರಾಂ ಒಳಗಿರಬೇಕು, ಸಾಧ್ಯವಾದರೆ ಸೊನ್ನೆಗೆ ಹತ್ತಿರವಿರಬೇಕು ಎಂಬುದು ಈ ಕೆಲಸದವರು ಪಾಲಿಸುವ ಕಟ್ಟಳೆ. ಬ್ರಿಟನ್ನಿನಲ್ಲಿ ಎತ್ತರದ ಕೆಲಸಗಳ ಕುರಿತು 2005ರಲ್ಲಿ ಜಾರಿಯಾದ ನಿಯಮಗಳು, ಮೇಲೆ ಏರುವುದನ್ನು ತಪ್ಪಿಸಲು ಸಾಧ್ಯವಿದ್ದಲ್ಲಿ ತಪ್ಪಿಸಬೇಕು ಎಂದು ವಿಧಿಸಿದ ಮೇಲೆ ಅಲ್ಲಿ ಇಂತಹ ಕೋಲುಗಳ ಬಳಕೆ ಬಹಳ ಹೆಚ್ಚಿತು. ಆ ದೇಶದ ಕೆಲವು ಭಾಗಗಳಲ್ಲಿ ನಲ್ಲಿಯ ನೀರೇ ತೀರ ಮೃದು, ಅಂದರೆ ಅದರಲ್ಲಿ ಕರಗಿದ ಲವಣ ಬಹಳ ಕಡಿಮೆ. ಅಂತಹ ನೀರಿಗೆ ಸಾಕಾಗುವ ಪುಟ್ಟ ಶೋಧಕವನ್ನು ಕೋಲಿನ ಜೊತೆಗೆ ಸೇರಿಸಿ ನಮಗೆ ಮಾರಿದರೆ ಅದು ಇಲ್ಲಿ ಎಷ್ಟು ಹೊತ್ತು ಬಾಳೀತು ಎಂಬುದನ್ನು ಕೊಳ್ಳುವವರೇ ಲೆಕ್ಕ ಹಾಕಬೇಕು.

ಆ ಲೆಕ್ಕ ಕಷ್ಟದ್ದೇನಲ್ಲ. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯ ಮೂಲಕ ಬರುವ ಹೇಮಾವತಿಯ ನೀರು ಇದ್ದುದರಲ್ಲಿ ಉತ್ತಮವಾದದ್ದು. ಆದರೆ ದೊಡ್ಡ ಕಟ್ಟಡಗಳಲ್ಲಿ ತೊಳೆಯುವ, ಬಳಿಯುವ ಕೆಲಸಕ್ಕೆ ಬಳಕೆಯಾಗುವುದು ಹೆಚ್ಚಾಗಿ ಬೋರ್‌ವೆಲ್ ನೀರು ಅಥವಾ ಟ್ಯಾಂಕರ್ ನೀರು, ಟ್ಯಾಂಕರಿನದೂ ಸಾಮಾನ್ಯವಾಗಿ ಬೋರ್‌ವೆಲ್ಲಿನದೇ. ಮಧುಗಿರಿ, ಶಿರಾ, ಪಾವಗಡದ ಕಡೆ ಹೋದಂತೆಲ್ಲ ಬೋರ್‌ವೆಲ್ಲುಗಳ ಆಳ ಹೆಚ್ಚುತ್ತದೆ, ನೀರಿನಲ್ಲಿ ಫ್ಲೋರೈಡಿನ ಜೊತೆಗೆ ಗಡಸುತನವೂ ಇರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕವಾದ ಐಎಸ್ 10500 ಒಪ್ಪುವ ಟಿಡಿಎಸ್ ಮಿತಿ ಲೀಟರಿಗೆ 500 ಮಿಲಿಗ್ರಾಂ; ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೂ ಅದು ಅನುಮತಿಸುತ್ತದೆ. ಕುಡಿಯಲು ಯೋಗ್ಯವೆಂದು ಪರೀಕ್ಷೆಯಲ್ಲಿ ತೇರ್ಗಡೆಯಾದ ನೀರು ಕೂಡ ಈ ಕೆಲಸಕ್ಕೆ ಬೇಕಾದ ನೀರಿಗಿಂತ ಐವತ್ತು ಪಟ್ಟು ಉಪ್ಪಾಗಿರಬಹುದು ಎಂದಾಯಿತು. ಇಂತಹ ನೀರನ್ನು ಶೋಧಿಸದೆ ಕೋಲಿನ ಮೂಲಕ ಗಾಜಿಗೆ ಹಾಯಿಸಿ ಬಿಸಿಲಿಗೆ ಬಿಟ್ಟರೆ ಪ್ರತಿಯೊಂದು ಹನಿಯೂ ಆರಿ ಒಂದೊಂದು ಬಿಳಿ ಬಳೆಯಾಗಿ ಕೂರುತ್ತದೆ. ದೂಳಿನ ಗಾಜನ್ನು ಮಳೆಯಾದರೂ ಒಂದಿಷ್ಟು ತೊಳೆದೀತು, ಈ ಕಲೆಯನ್ನು ಮಳೆ ತೊಳೆಯುವುದಿಲ್ಲ. ಮತ್ತೆ ಮತ್ತೆ ಹೀಗೆ ಮಾಡಿದರೆ ಸುಣ್ಣದ ಅಂಶದ ಜೊತೆಗೆ ಸಿಲಿಕಾ ಕೂಡ ಗಾಜಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಅದನ್ನು ಕೈಯಿಂದ ಉಜ್ಜಿ ತೆಗೆಯಲು ಮತ್ತೆ ಮೇಲಕ್ಕೇ ಏರಬೇಕು.

ನೀರಿನಿಂದ ಲವಣ ತೆಗೆಯುವುದಕ್ಕೆ ಬಳಕೆಯಲ್ಲಿರುವ ದಾರಿಗಳು ಎರಡು. ಒಂದು ರೆಸಿನ್, ಅಂದರೆ ನೀರಿನ ಲವಣವನ್ನು ಹಿಡಿದಿಟ್ಟುಕೊಳ್ಳುವ ಸಣ್ಣ ಮಣಿಗಳು, ತುಂಬಿದ ಉರುಳೆ, ಇನ್ನೊಂದು ಮನೆಮನೆಗೂ ಪರಿಚಿತವಾದ ಆರ್‌ಒ. ಕೋಲಿನ ಜೊತೆಗೆ ಸಾಮಾನ್ಯವಾಗಿ ಕೊಡುವುದು ರೆಸಿನ್ ಉರುಳೆಯನ್ನು, ಏಕೆಂದರೆ ಅದು ಚಿಕ್ಕದು, ಕರೆಂಟು ಬೇಡ, ನೀರು ವ್ಯರ್ಥವಾಗುವುದಿಲ್ಲ, ನೀರಿನ ಟಿಡಿಎಸ್ಸನ್ನು ನೇರವಾಗಿ ಸೊನ್ನೆಗೆ ಇಳಿಸುತ್ತದೆ. ಇದರ ಮಿತಿ ಬೇರೆ ಕಡೆ ಇದೆ. ಒಂದು ಲೀಟರ್ ಮಿಶ್ರ ರೆಸಿನ್ ಸುಮಾರು 20ರಿಂದ 25 ಗ್ರಾಂ ಲವಣವನ್ನು ಹಿಡಿದುಕೊಂಡು ಅಲ್ಲಿಗೆ ದಣಿಯುತ್ತದೆ. ನಿಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ 1000 ಎಂದಿಟ್ಟುಕೊಂಡರೆ ಲೀಟರಿಗೆ ಒಂದು ಗ್ರಾಂ ಲವಣ. 10 ಲೀಟರ್ ರೆಸಿನ್ ಇರುವ ಉರುಳೆ 200ರಿಂದ 250 ಲೀಟರ್ ನೀರು ಕೊಟ್ಟು ಮುಗಿಯುತ್ತದೆ. ನಿಮಿಷಕ್ಕೆ ಎರಡು ಲೀಟರಿನಂತೆ ಹರಿದರೆ ಇದು ಎರಡು ಗಂಟೆಯ ಕೆಲಸ. ಮೂರು ಮಹಡಿಯ ಕಾಲೇಜಿನ ಒಂದು ಪಾರ್ಶ್ವ ಮುಗಿಯುವ ಮೊದಲೇ ರೆಸಿನ್ ಮುಗಿದಿರುತ್ತದೆ, ಅದನ್ನು ಯಾರೂ ಗಮನಿಸದಿದ್ದರೆ ಉಳಿದ ಗಾಜಿಗೆಲ್ಲ ಉಪ್ಪು ನೀರೇ ಬಳಿದಂತಾಗುತ್ತದೆ. ಅದೇ ನೀರನ್ನು ಮೊದಲು ಆರ್‌ಒ ಮೂಲಕ ಹಾಯಿಸಿ, ಶೇಕಡಾ 95ರಷ್ಟು ಲವಣ ತೆಗೆದು, ಟಿಡಿಎಸ್ಸನ್ನು 50ಕ್ಕೆ ತಂದು ಅನಂತರ ಅದೇ ಉರುಳೆಗೆ ಬಿಟ್ಟರೆ 4000 ಲೀಟರಿಗೂ ಹೆಚ್ಚು ನೀರು ಸಿಗುತ್ತದೆ. ಹೀಗಾಗಿ ಗಡಸು ನೀರಿನ ಊರಿನಲ್ಲಿ ಬರಿಯ ರೆಸಿನ್ ನಂಬಿ ಕೋಲು ಕೊಳ್ಳುವುದು ಅಗ್ಗವೆಂದು ಕಂಡರೂ ರೆಸಿನ್ ಬದಲಿಸುವ ಖರ್ಚಿನಲ್ಲಿ ಬೇಗನೆ ದುಬಾರಿಯಾಗುತ್ತದೆ; ಆರ್‌ಒ ಮುಂದೆ, ರೆಸಿನ್ ಹಿಂದೆ ಎಂಬ ಜೋಡಿಯೇ ನಮಗೆ ಸರಿ. ಆರ್‌ಒ ಹೊರಬಿಡುವ ನೀರಿನ ಪ್ರಶ್ನೆ ಇದ್ದೇ ಇದೆ. ಅದನ್ನು ಚರಂಡಿಗೆ ಬಿಡದೆ ಶೌಚಾಲಯದ ಫ್ಲಶ್‌ಗೋ ನೆಲ ತೊಳೆಯುವುದಕ್ಕೋ ತಿರುಗಿಸುವ ಏರ್ಪಾಡು ಮೊದಲೇ ಇರಬೇಕು. ಲವಣ ಹೆಚ್ಚಿರುವ ಕಾರಣ ಗಿಡಗಳಿಗೆ ಅದು ಒಳ್ಳೆಯದಲ್ಲ.

ಈ ವಿಷಯದಲ್ಲಿ ಕೆಲವು ತಪ್ಪು ತಿಳಿವಳಿಕೆಗಳು ಹರಡಿಕೊಂಡಿವೆ. ಅಪಾರ್ಟ್‌ಮೆಂಟುಗಳಲ್ಲಿ ವಾಟರ್ ಸಾಫ್ಟ್‌ನರ್ ಇದೆ, ಅದರ ನೀರು ಸಾಕು ಎಂಬುದು ಒಂದು. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೆಗೆದು ಆ ಜಾಗಕ್ಕೆ ಸೋಡಿಯಂ ತರುತ್ತದೆಯೇ ಹೊರತು ಒಟ್ಟು ಲವಣವನ್ನು ಕಡಿಮೆ ಮಾಡುವುದಿಲ್ಲ. ಬಟ್ಟೆ ಒಗೆಯಲು, ಗೀಸರ್ ಹಾಳಾಗದಿರಲು ಅದು ಉಪಯುಕ್ತ, ಆದರೆ ಆರಿದ ಗಾಜಿನ ಮೇಲೆ ಕಲೆ ಉಳಿದೇ ಉಳಿಯುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತರಿಸಿದರಾಯಿತು ಎಂಬುದು ಇನ್ನೊಂದು. ಆ ನೀರಿನಲ್ಲೂ ಈ ಕೆಲಸಕ್ಕೆ ಹೆಚ್ಚೆನಿಸುವಷ್ಟು ಲವಣ ಉಳಿದಿರುತ್ತದೆ. ಅದಿರಲಿ, ಬೇಸಿಗೆಯಲ್ಲಿ ಜನ ಕೊಡ ಹಿಡಿದು ಸಾಲುಗಟ್ಟಿ ನಿಲ್ಲುವ ಘಟಕದ ನೀರನ್ನು ಕಿಟಕಿಗೆ ಹಾಯಿಸುವುದು ಯಾವ ಸಂಸ್ಥೆಗೂ ಶೋಭೆ ತರುವುದಿಲ್ಲ. ನಮ್ಮಲ್ಲಿ ಯಾರೂ ಅಷ್ಟಾಗಿ ಯೋಚಿಸದ ಮೂಲವೆಂದರೆ ಮಳೆನೀರು. ಒಂದು ಸಾವಿರ ಚದರ ಅಡಿಯ ಆರ್‌ಸಿಸಿ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 930 ಲೀಟರ್ ನೀರು. ಮೊದಲ ತೊಳೆನೀರನ್ನು ಹೊರಬಿಟ್ಟು ಉಳಿದುದನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟರೆ ಅದರಲ್ಲಿ ಲವಣ ಬೋರ್‌ವೆಲ್ ನೀರಿನದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ, ಸಣ್ಣ ರೆಸಿನ್ ಉರುಳೆಯೇ ಅದಕ್ಕೆ ಬಹುಕಾಲ ಸಾಕಾಗುತ್ತದೆ. ಆಸ್ಪತ್ರೆಗಳಂತಹ ಕಟ್ಟಡಗಳಲ್ಲಿ ಎಸಿಗಳಿಂದ ತೊಟ್ಟಿಕ್ಕಿ ಹೋಗುವ ನೀರು ಕೂಡ ಗಾಳಿಯ ತೇವ ತಣಿದು ಬಂದದ್ದಾದ್ದರಿಂದ ಲವಣರಹಿತ ನೀರಿಗೆ ಹತ್ತಿರದ್ದು. ಅದನ್ನು ಸೋಸಿ, ಹೆಚ್ಚು ದಿನ ನಿಲ್ಲಗೊಡದೆ ಬಳಸಬಹುದು. ಯಾವ ನೀರೇ ಆಗಲಿ, ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರನ್ನು ತಂದು ಕೋಲಿನ ತುದಿಯಿಂದ ಬರುವ ನೀರನ್ನು ಪ್ರತಿ ಬಾರಿ ಕೆಲಸ ಆರಂಭಿಸುವ ಮುನ್ನವೂ ನಡುವೆ ಒಮ್ಮೆಯೂ ಅಳೆಯುವುದನ್ನು ರೂಢಿ ಮಾಡಿಕೊಳ್ಳಬೇಕು.

ಪಂಪಿನ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ನೀರನ್ನು ಮೂವತ್ತು ಅಡಿ ಮೇಲಕ್ಕೆ ಎತ್ತುವುದಕ್ಕೇ ಸುಮಾರು ಒಂದು ಬಾರ್ ಒತ್ತಡ ಬೇಕು. ಶೋಧಕ ದಾಟಿ ಬಂದ ನೀರಿನಲ್ಲಿ ಅಷ್ಟು ಒತ್ತಡ ಉಳಿದಿರುವುದಿಲ್ಲವಾದ್ದರಿಂದ ಮೇಲ್ತೊಟ್ಟಿಯ ನಲ್ಲಿಗೆ ಪೈಪು ಸಿಕ್ಕಿಸಿ ಕೆಲಸ ನಡೆಸಲಾಗದು. ರೈತರು ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಸ್ಪ್ರೇಯರಿನಲ್ಲಿ ಇರುವಂತಹ 12 ವೋಲ್ಟಿನ ಡಯಾಫ್ರಂ ಪಂಪೇ ಇದಕ್ಕೂ ಆಗುತ್ತದೆ, ಕೆಟ್ಟರೆ ಕೃಷಿ ಸಲಕರಣೆ ಅಂಗಡಿಯವರೇ ಸರಿಮಾಡಿಕೊಡುತ್ತಾರೆ.

ಇನ್ನು ಕೋಲಿನ ಮಾತು. ಉದ್ದದ ವಿಚಾರದಲ್ಲಿ ಮಾರುವವರ ಭಾಷೆಯನ್ನು ಎಚ್ಚರದಿಂದ ಓದಬೇಕು. ಕೆಲವರು ಕೋಲಿನ ನಿಜವಾದ ಉದ್ದವನ್ನು ಹೇಳುತ್ತಾರೆ, ಕೆಲವರು ಅದಕ್ಕೆ ಹಿಡಿದವನ ಎತ್ತರವನ್ನೂ ಕೂಡಿಸಿ ಎಟುಕುವ ಎತ್ತರವನ್ನು ಹೇಳುತ್ತಾರೆ. ಕೋಲನ್ನು ನೆಟ್ಟಗೆ ಹಿಡಿಯುವುದಿಲ್ಲ, ಗೋಡೆಯಿಂದ ದೂರ ನಿಂತು ಓರೆಯಾಗಿ ಹಿಡಿಯಬೇಕಾಗುತ್ತದೆ. ಆ ಓರೆಯಲ್ಲಿ ಕಳೆದುಹೋಗುವುದನ್ನು ಎದೆಮಟ್ಟದ ಹಿಡಿತ ತುಂಬಿಕೊಡುತ್ತದೆ. ಹೀಗಾಗಿ ಮೂವತ್ತು ಅಡಿಯ ಕೋಲು ಸುಮಾರು ಮೂವತ್ತು ಅಡಿ ಎತ್ತರದ ಕಿಟಕಿಗೆ, ಹೆಚ್ಚೆಂದರೆ ಇನ್ನೊಂದೆರಡು ಅಡಿಗೆ ಎಟುಕುತ್ತದೆ ಎಂದು ಲೆಕ್ಕ ಹಿಡಿಯುವುದು ಕ್ಷೇಮ. ಮನೆಯ ಮಹಡಿಗೆ ಹತ್ತು ಅಡಿಯ ಲೆಕ್ಕ ಸರಿಹೋಗುತ್ತದೆ, ಆದರೆ ಷೋರೂಂ, ಆಸ್ಪತ್ರೆಗಳ ಕೆಳ ಅಂತಸ್ತು ಅದಕ್ಕಿಂತ ಎತ್ತರ ಇರುವುದರಿಂದ ಅಳತೆಪಟ್ಟಿಯಿಂದ ಅಳೆದೇ ನೋಡಬೇಕು. ಹೆಚ್ಚಿನ ಸಂಸ್ಥೆಗಳು ಮಾಡುವುದೇನೆಂದರೆ ಅತ್ಯಂತ ಮೇಲಿನ ಕಿಟಕಿಯನ್ನು ನೋಡಿ ಅಷ್ಟು ಉದ್ದದ ಒಂದೇ ಕೋಲನ್ನು ತರುವುದು. ತೊಳೆಯುವ ಗಾಜಿನಲ್ಲಿ ಹೆಚ್ಚಿನದು ಮೊದಲ, ಎರಡನೆಯ ಮಹಡಿಯಲ್ಲಿ ಇರುತ್ತದೆ. ಅಲ್ಲೆಲ್ಲ ನಲವತ್ತೈದು ಅಡಿಯ ಕೋಲಿನ ಪೂರ್ತಿ ಭಾರವನ್ನು ಸುಮ್ಮನೆ ಹೊರಬೇಕಾಗುತ್ತದೆ. ದಿನನಿತ್ಯದ ಬಳಕೆಗೆ ಇಪ್ಪತ್ತರಿಂದ ಇಪ್ಪತ್ತೈದು ಅಡಿಯ ಒಂದು ಕೋಲು, ಮೇಲಿನ ಮಹಡಿಗಳಿಗೆ ಬೇರೊಂದು ಎಂದು ಎರಡನ್ನು ಇಟ್ಟುಕೊಳ್ಳುವುದೇ ನನ್ನ ಸಲಹೆ. ಐದಾರು ಮಹಡಿ ದಾಟಿದ ಕಟ್ಟಡಕ್ಕೆ ಈ ಸಾಧನವನ್ನು ನಾನು ಒಪ್ಪುವುದಿಲ್ಲ. ತಯಾರಕರು ಅದಕ್ಕೂ ಕೋಲು ಮಾರುತ್ತಾರೆ, ಆದರೆ ಅಷ್ಟು ಎತ್ತರದಲ್ಲಿ ತುದಿ ಎಲ್ಲಿದೆ ಎಂಬುದೇ ಕೆಳಗಿನವರಿಗೆ ಸರಿಯಾಗಿ ಕಾಣುವುದಿಲ್ಲ, ಆಷಾಢದ ಗಾಳಿಯಲ್ಲಂತೂ ಅದನ್ನು ಹಿಡಿದು ನಿಲ್ಲುವುದೇ ದೊಡ್ಡ ಕೆಲಸವಾಗುತ್ತದೆ.

ಯಾವ ವಸ್ತುವಿನ ಕೋಲು ಎಂಬ ಪ್ರಶ್ನೆಯನ್ನು ಗುಬ್ಬಿ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ತೋಟದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅಡಿಕೆ ಕೊಯ್ಯಲು, ಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸಲು ಬಂದಿರುವ ಕಾರ್ಬನ್ ಫೈಬರ್ ದೋಟಿಯೂ ಈ ಕೋಲೂ ಒಂದೇ ಜಾತಿಯವು, ಎರಡರಲ್ಲೂ ಗುಣವೂ ಅದೇ, ಗಂಡಾಂತರವೂ ಅದೇ. ಅಲ್ಯೂಮಿನಿಯಂ ಅಗ್ಗ, ಆದರೆ ಉದ್ದ ಹೆಚ್ಚಿದಂತೆ ಭಾರವೆನಿಸುತ್ತದೆ, ಒಮ್ಮೆ ನೆಗ್ಗಿದರೆ ಕೊಳವೆಗಳು ಒಂದರೊಳಗೊಂದು ಜಾರುವುದಿಲ್ಲ. ಫೈಬರ್ ಗ್ಲಾಸ್ ನಡುವಣ ಬೆಲೆಯದು, ಗಟ್ಟಿ, ಆದರೆ ಇಪ್ಪತ್ತೈದು ಅಡಿ ದಾಟಿದ ಮೇಲೆ ಬಾಗಿ ತೂಗಾಡುತ್ತದೆ, ಕೆಳಗೆ ಕೈ ಒತ್ತಿದ ಬಲ ಮೇಲಿನ ಬ್ರಷ್ಷನ್ನು ಮುಟ್ಟುವುದೇ ಇಲ್ಲ. ಕಾರ್ಬನ್ ಫೈಬರ್ ಹಗುರ, ಬಾಗುವುದು ಕಡಿಮೆ, ಬೆಲೆ ಮಾತ್ರ ಹಲವು ಪಟ್ಟು. ಎರಡು ನಾರುಗಳನ್ನು ಸೇರಿಸಿ ಮಾಡಿದ ಹೈಬ್ರಿಡ್ ಕೋಲುಗಳೂ ಇವೆ. ಇಪ್ಪತ್ತು ಅಡಿಯೊಳಗಿನ ಕೆಲಸಕ್ಕೆ ಫೈಬರ್ ಗ್ಲಾಸ್ ಅಥವಾ ಹೈಬ್ರಿಡ್ ಸಾಕು, ಮೂವತ್ತು ಅಡಿ ಮುಟ್ಟುವ ಕೆಲಸಕ್ಕೆ ಕಾರ್ಬನ್ ಬಿಟ್ಟು ಬೇರೆಯದನ್ನು ಕೊಂಡರೆ ಅದು ಉಗ್ರಾಣದ ಮೂಲೆ ಸೇರುತ್ತದೆ ಎಂಬುದು ನಾನು ನೋಡಿ ತಿಳಿದದ್ದು. ಸೋಲಾರ್ ಪ್ಯಾನೆಲ್ ತೊಳೆಯುವ ಬ್ರಷ್ ಎಂದು ಆನ್‌ಲೈನ್‌ನಲ್ಲಿ ಸಿಗುವ ಅಲ್ಯೂಮಿನಿಯಂ ಕೋಲುಗಳನ್ನು ಕಿಟಕಿಗೂ ಆಗುತ್ತದೆಂದು ತರಿಸುವವರಿದ್ದಾರೆ. ಪಾವಗಡದ ಸೋಲಾರ್ ಪಾರ್ಕನ್ನು ಕಂಡ ಜಿಲ್ಲೆಯವರಾದ ನಮಗೆ ಪ್ಯಾನೆಲ್ಲಿನ ಮೇಲಿನ ದೂಳು ಹೊಸ ವಿಷಯವಲ್ಲ. ಆದರೆ ಆ ಬ್ರಷ್ಷಿನ ಅಗಲವಾದ ಭಾರದ ತಲೆಯನ್ನು ಮಾಡಿರುವುದು ಓರೆಯಾಗಿ ಮಲಗಿದ ಪ್ಯಾನೆಲ್ಲಿನ ಮೇಲೆ ಊರಿ ತಳ್ಳುವುದಕ್ಕೆ. ತಲೆಯ ಮೇಲೆ ಎತ್ತಿ ಹಿಡಿಯುವುದಕ್ಕೆ ಅದು ತಕ್ಕುದಲ್ಲ.

ವಿದ್ಯುತ್ತಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ತೋಟಗಳಲ್ಲಿ ಅಲ್ಯೂಮಿನಿಯಂ ದೋಟಿ ತಂತಿಗೆ ತಗುಲಿ ಪ್ರಾಣ ಹೋದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅದರಿಂದ ಜನ ಕಲಿತದ್ದು ಲೋಹದ ದೋಟಿ ಅಪಾಯಕಾರಿ ಎಂಬುದನ್ನು ಮಾತ್ರ. ಕಾರ್ಬನ್ ಫೈಬರ್ ಲೋಹವಲ್ಲ, ಆದ್ದರಿಂದ ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆ ಓದಿದವರಲ್ಲೂ ಇದೆ, ಇದು ಪೂರ್ತಿ ತಪ್ಪು. ಕಾರ್ಬನ್ ವಿದ್ಯುತ್ ವಾಹಕ. ಫೈಬರ್ ಗ್ಲಾಸ್ ಒಣಗಿದ್ದು ಶುಚಿಯಾಗಿದ್ದಾಗ ವಿದ್ಯುತ್ತನ್ನು ತಡೆಯುತ್ತದೆ, ಆದರೆ ನೀರು ಸುರಿಯುತ್ತಾ ದೂಳಿನ ಕೆಸರು ಮೆತ್ತಿಕೊಂಡಿರುವ ಕೋಲನ್ನು ಒಣ ಕೋಲೆಂದು ಯಾರೂ ಎಣಿಸುವಂತಿಲ್ಲ. ಹಿಡಿಯುವ ತುದಿಯಷ್ಟನ್ನೇ ಫೈಬರ್ ಗ್ಲಾಸಿನಿಂದ ಮಾಡಿದ ಕಾರ್ಬನ್ ಕೋಲುಗಳು ಬರುತ್ತವೆ, ಅವನ್ನು ಕೊಳ್ಳುವುದು ಒಳ್ಳೆಯದೇ, ಆದರೆ ಅದನ್ನೇ ರಕ್ಷೆಯೆಂದು ನಂಬಬಾರದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ 11 ಕೆವಿ ತಂತಿಗೂ ಕಟ್ಟಡಕ್ಕೂ ನಡುವೆ ಅಡ್ಡಳತೆಯಲ್ಲಿ ಇರಬೇಕಾದ ಕನಿಷ್ಠ ಅಂತರ 1.2 ಮೀಟರ್, ಅಂದರೆ ನಾಲ್ಕು ಅಡಿ. ನಿಯಮದಂತೆಯೇ ಎಳೆದ ತಂತಿಯೂ ಮೂವತ್ತು ಅಡಿಯ ಕೋಲು ಒಮ್ಮೆ ಓಲಾಡಿದರೆ ತಗುಲುವಷ್ಟು ಹತ್ತಿರ ಇರಬಹುದು ಎಂಬುದನ್ನು ನೆನಪಿಡಬೇಕು. ಕೋಲು ಕೈಜಾರಿ ಯಾವ ದಿಕ್ಕಿಗೆ ಬಿದ್ದರೂ ತಂತಿಯನ್ನು ಮುಟ್ಟದಷ್ಟು ದೂರ ಇಲ್ಲದ ಗೋಡೆಯನ್ನು ಈ ವಿಧಾನದಿಂದ ತೊಳೆಯಲೇಬಾರದು. ಅಂತಹ ಗೋಡೆ ಇದ್ದರೆ ಬೆಸ್ಕಾಂ ಕಚೇರಿಗೆ ಮುಂಚಿತವಾಗಿ ಬರೆದು, ಸಂಪರ್ಕ ಕಡಿತಗೊಳಿಸಿದ್ದು ಖಚಿತವಾದ ಮೇಲೆ ಮಾತ್ರ ಕೆಲಸಕ್ಕೆ ಇಳಿಯಬೇಕು. ಕೋಲು ಕೊಳ್ಳುವ ಮುನ್ನ ಕಟ್ಟಡದ ನಾಲ್ಕೂ ಸುತ್ತ ಒಮ್ಮೆ ನಡೆದು ತಂತಿಗಳನ್ನು ಗುರುತಿಸಿದರೆ, ಎಷ್ಟೋ ಕಡೆ ಕೋಲಿನ ಅಗತ್ಯ ಅರ್ಧಕ್ಕೆ ಇಳಿಯುತ್ತದೆ.

ಕೊಳವೆಗಳನ್ನು ಬಿಗಿಯುವ ಕ್ಲಾಂಪ್‌ಗಳು ಕೋಲಿನ ಆಯುಷ್ಯವನ್ನು ನಿರ್ಧರಿಸುತ್ತವೆ. ತಿರುಚಿ ಬಿಗಿಯುವ ಬಗೆಯವು ನಮ್ಮ ದೂಳಿಗೆ ಬೇಗ ಕಚ್ಚಿಕೊಳ್ಳುತ್ತವೆ. ಹೊರಗಿನಿಂದ ಮಡಚುವ ಲಿವರ್ ಇರುವ, ಸಡಿಲವಾದಾಗ ಸ್ಕ್ರೂ ತಿರುಗಿಸಿ ಬಿಗಿ ಮಾಡಬಹುದಾದ ಕ್ಲಾಂಪ್ ಮೇಲು. ಒಂದು ಕ್ಲಾಂಪ್ ಒಡೆದರೆ ಅದೊಂದೇ ಬಿಡಿಯಾಗಿ ಸಿಗುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಬೇಕು. ಪೈಪಿನ ಒಳ ಅಳತೆಯನ್ನೂ ಕಡೆಗಣಿಸುವಂತಿಲ್ಲ: 6 ಮಿಲಿಮೀಟರಿನ ಪೈಪು ಹತ್ತು ಮೀಟರಿಗೆ ಸುಮಾರು 280 ಗ್ರಾಂ ನೀರನ್ನು ಹೊತ್ತಿರುತ್ತದೆ, 5 ಮಿಲಿಮೀಟರಿನದು 200 ಗ್ರಾಂನಷ್ಟು. ಮೇಲೆ ಹೋದಂತೆ ಪ್ರತಿ ಗ್ರಾಮೂ ತೋಳಿಗೆ ಲೆಕ್ಕವೇ. ಬ್ರಷ್ಷಿಗೂ ಅದೇ ಮಾತು. ಎಳೆಗಳ ತುದಿ ಸೀಳಿ ಮೃದುವಾಗಿಸಿದ ಹಗುರ ಬ್ರಷ್ ಗಾಜಿಗೆ ಉತ್ತಮ, ಬಹುದಿನ ತೊಳೆಯದೆ ಮಣ್ಣು ಕಟ್ಟಿದ ಚೌಕಟ್ಟಿಗೆ ಒರಟು ಎಳೆಯದು ಬೇಕಾಗುತ್ತದೆ. ಕಲ್ಲುಪುಡಿಯಂತಹ ದೂಳು ಕೂತಿರುವ ಗಾಜಿಗೆ ಮೊದಲು ಬರೀ ನೀರು ಹಾಯಿಸಿ ದೂಳನ್ನು ಇಳಿಸದೆ ಬ್ರಷ್ ಹಾಕಿದರೆ ಗೀರು ಬೀಳುತ್ತದೆ.

ಈ ಕೋಲು ಬೇಡವಾದ ಕಡೆಗಳೂ ಇವೆ, ಅದನ್ನು ಮಾರುವವರು ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಕಿಟಕಿಯ ಹೊರಗೆ ಕಬ್ಬಿಣದ ಸರಳು ಇದ್ದರೆ, ಅಥವಾ ಸೊಳ್ಳೆ ಪರದೆ ಬಿಗಿದಿದ್ದರೆ, ಬ್ರಷ್ ಗಾಜನ್ನು ಮುಟ್ಟುವುದೇ ಇಲ್ಲ. ಅಂತಹ ಮನೆಯವರು ಇದಕ್ಕೆ ಹಣ ಹಾಕುವುದು ವ್ಯರ್ಥ. ಜಾರುವ ಕಿಟಕಿಯ ರಬ್ಬರು ಸವೆದಿದ್ದರೆ, ಗಾಜಿನ ಅಂಚಿನ ಸಿಲಿಕೋನ್ ಬಿಟ್ಟುಕೊಂಡಿದ್ದರೆ ತೊಳೆದ ನೀರು ಒಳಗೆ ಇಳಿದು ಫಾಲ್ಸ್ ಸೀಲಿಂಗ್ ಹಾಳಾಗುತ್ತದೆ. ಈಗಾಗಲೇ ಬಿಳಿ ಕಲೆ ಕಟ್ಟಿರುವ ಗಾಜು ಶುದ್ಧ ನೀರಿನಿಂದ ಹೊಳೆಯುವುದಿಲ್ಲ, ಅದನ್ನು ಒಮ್ಮೆ ಕೈಯಿಂದಲೇ ಸ್ವಚ್ಛಗೊಳಿಸಿ ಅನಂತರ ಕೋಲನ್ನು ಬಳಸಬೇಕು. ಆಗ ಬಾತ್‌ರೂಮಿಗೆ ಹಾಕುವ ಆಸಿಡ್ಡನ್ನು ಗಾಜಿಗೆ ಎರಚುವವರಿದ್ದಾರೆ. ಅದು ಅಲ್ಯೂಮಿನಿಯಂ ಚೌಕಟ್ಟನ್ನೂ ಸಿಮೆಂಟಿನ ಗಾರೆಯನ್ನೂ ತಿನ್ನುತ್ತದೆ.

ಕಡೆಯದಾಗಿ, ಕೋಲನ್ನು ಹಿಡಿಯುವವರ ವಿಷಯ. ನಮ್ಮ ಆಸ್ಪತ್ರೆ, ಕಾಲೇಜುಗಳ ಹೌಸ್‌ಕೀಪಿಂಗ್ ಕೆಲಸದಲ್ಲಿ ಹೆಚ್ಚಿನವರು ಮಹಿಳೆಯರು, ಗುತ್ತಿಗೆಯ ಮೇಲೆ ಇರುವವರು. ಖರೀದಿ ಸಮಿತಿಯಲ್ಲಿ ಅವರ ಅಭಿಪ್ರಾಯವನ್ನು ಕೇಳಿದ್ದನ್ನು ನಾನು ಕಂಡಿಲ್ಲ. ಅಂಗಡಿಯಲ್ಲಿ ಮಡಚಿದ ಕೋಲನ್ನು ಎತ್ತಿ ನೋಡಿ ಹಗುರವಾಗಿದೆ ಎನ್ನುವುದರಿಂದ ಏನೂ ತಿಳಿಯುವುದಿಲ್ಲ. ಪೂರ್ತಿ ಎಳೆದು, ಪೈಪಿನಲ್ಲಿ ನೀರು ತುಂಬಿ, ತಲೆಯೆತ್ತಿ ಹದಿನೈದು ನಿಮಿಷ ಬ್ರಷ್ ಆಡಿಸಿದ ಮೇಲೆ ಕುತ್ತಿಗೆಯೂ ಭುಜವೂ ಹೇಳುವ ಮಾತೇ ನಿಜವಾದ ತೂಕ. ಆ ಹದಿನೈದು ನಿಮಿಷ ಕೋಲನ್ನು ಹಿಡಿಯಬೇಕಾದವರು ಮುಂದೆ ಅದನ್ನು ಬಳಸುವವರೇ ಹೊರತು ಕಚೇರಿಯ ಸಹಾಯಕರಲ್ಲ. ಒಬ್ಬರೇ ದಿನವಿಡೀ ಹಿಡಿಯದಂತೆ ಇಬ್ಬರ ಸರದಿ, ತಲೆಗೆ ಹೆಲ್ಮೆಟ್, ಕೆಳಗೆ ಓಡಾಡುವವರಿಗೆ ಹಗ್ಗ ಕಟ್ಟಿ ತಡೆ, ಇವು ಕೋಲಿನ ಜೊತೆಯಲ್ಲೇ ಮಂಜೂರಾಗಬೇಕು.

ಸರ್ಕಾರಿ ಆಸ್ಪತ್ರೆ, ಕಚೇರಿ, ವಿಶ್ವವಿದ್ಯಾಲಯಗಳಲ್ಲಿ ಖರೀದಿ ನಡೆಯುವುದು 1999ರ ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆ ಅಧಿನಿಯಮದ ಅಡಿಯಲ್ಲಿ, ಕಡಿಮೆ ದರ ಸೂಚಿಸಿದವರಿಗೆ ಆದೇಶ ಹೋಗುವುದು ಸಹಜ. ಟೆಂಡರಿನಲ್ಲಿ ಮೂವತ್ತು ಅಡಿಯ ಕೋಲು ಎಂದಷ್ಟೇ ಬರೆದರೆ ಅತ್ಯಂತ ಅಗ್ಗದ ಅಲ್ಯೂಮಿನಿಯಂ ಕೋಲು ಬರುತ್ತದೆ, ಅದಕ್ಕೆ ಗುತ್ತಿಗೆದಾರನನ್ನು ದೂರುವಂತಿಲ್ಲ. ಯಾವ ವಸ್ತು, ಬ್ರಷ್ ಸಹಿತ ಎಷ್ಟು ತೂಕ ಮೀರಬಾರದು, ಕಟ್ಟಡದ ನೀರಿನ ಟಿಡಿಎಸ್ ಎಷ್ಟು, ಆ ನೀರಿನಿಂದ 10ಕ್ಕಿಂತ ಕಡಿಮೆ ಟಿಡಿಎಸ್ಸಿನ ಎಷ್ಟು ಲೀಟರ್ ನೀರನ್ನು ರೆಸಿನ್ ಬದಲಿಸದೆ ಕೊಡಬೇಕು, ಬಿಡಿ ಭಾಗಗಳನ್ನು ಎಷ್ಟು ವರ್ಷ ಪೂರೈಸಬೇಕು ಎಂಬುದನ್ನು ಷರತ್ತುಗಳಲ್ಲಿ ಸೇರಿಸುವಂತೆ ಜಿಲ್ಲೆಯ ಸಂಬಂಧಪಟ್ಟ ಅಧಿಕಾರಿಗಳನ್ನು ಈ ಪತ್ರದ ಮೂಲಕ ಕೋರುತ್ತೇನೆ. ಮಾದರಿ ಪ್ರದರ್ಶನವನ್ನು ಮಾರಾಟಗಾರರ ಮಳಿಗೆಯಲ್ಲಿ ನೋಡಿ ಒಪ್ಪದೆ ಆಯಾ ಕಟ್ಟಡದಲ್ಲೇ, ಅಲ್ಲಿನ ಸಂಪಿನ ನೀರಿನಲ್ಲೇ, ಬಿಸಿಲು ಬೀಳುವ ಪಾರ್ಶ್ವದ ಕಿಟಕಿಯೊಂದರ ಮೇಲೆ ಮಾಡಿಸಬೇಕು, ಗಾಜು ಪೂರ್ತಿ ಆರಿದ ಮೇಲೆ ಹತ್ತಿರದಿಂದ ನೋಡಿ ಅನಂತರವೇ ಬಿಲ್ಲಿಗೆ ಸಹಿ ಹಾಕಬೇಕು.

ಇತಿ ತಮ್ಮ ವಿಶ್ವಾಸಿ,
ಕಟ್ಟಡ ನಿರ್ವಹಣೆಯ ಮೇಲ್ವಿಚಾರಕ,
ಎಸ್.ಎಸ್. ಪುರಂ, ತುಮಕೂರು